ಕುದನೆಯೋ ಹೆಗ್ಗುಳ್ಳವೋ: ಬದನೆ ಕುಟುಂಬದ ಕಾಡುಗಿಡ ನೋಡಲು 10ಎಕ್ಸ್ ಮಡಚು ಲೆನ್ಸ್ ಹೇಗಿದೆ?

ಕುಂಬಳೆಯಿಂದ ಬದಿಯಡ್ಕ, ಪೆರ್ಲ ಕಡೆಗೆ ಹೋಗುವ ದಾರಿಯುದ್ದಕ್ಕೂ ಮುಳ್ಳುಬದನೆ ಗಿಡಗಳಿಗೆ ಬರವಿಲ್ಲ. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಅಂಚು, ಅಡಕೆ ತೋಟದ ಬೇಲಿ, ಹಟ್ಟಿಯ ಹಿಂದಿನ ಗೊಬ್ಬರಗುಂಡಿಯ ಬದಿ, ಹೀಗೆ ಮಣ್ಣು ಕದಡಿದಲ್ಲೆಲ್ಲ ಅವು ಎದ್ದು ನಿಲ್ಲುತ್ತವೆ. ಒಂದು ಮನೆಯಲ್ಲಿ ಅದು ಕುದನೆ, ಪಕ್ಕದ ಮನೆಯಲ್ಲಿ ಸುಂಡೆ, ಮಲಯಾಳ ಮಾತಾಡುವಲ್ಲಿ ಚುಂಡ, ಮದ್ದಿನಂಗಡಿಯಲ್ಲಿ ಬೃಹತೀ. ಒಂದು ಗಿಡಕ್ಕೆ ಹಲವು ಹೆಸರಿದ್ದರೆ ತೊಂದರೆಯಿಲ್ಲ, ಒಂದೇ ಹೆಸರಿನಡಿ ಹಲವು ಗಿಡ ಸೇರಿಕೊಂಡಿದೆ, ತೊಂದರೆ ಅದು. ಬದನೆಗೆ ಕಸಿ ಕಟ್ಟಲು ಬೇಕಾದ ಗಿಡ ಒಂದು, ಹತ್ತು ಬೇರುಗಳ ಆಯುರ್ವೇದ ಮದ್ದಾದ ದಶಮೂಲಕ್ಕೆ ಬೇಕಾದದ್ದು ಇನ್ನೊಂದು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಎರಡೂ ಮುಳ್ಳಿನ ಪೊದೆ.

ಈ ಕುಟುಂಬದ ವಿಂಗಡಣೆ ನಿಂತಿರುವುದು ಬಹುಪಾಲು ಸಣ್ಣ ಸಂಗತಿಗಳ ಮೇಲೆ. ಅರ್ಧ ಮಿಲಿಮೀಟರಿನ ರೋಮ, ಒಂದೆರಡು ಮಿಲಿಮೀಟರಿನ ಪರಾಗಕೋಶ, ಅದರ ತುದಿಯ ಸೂಜಿಮೊನೆಯಷ್ಟು ತೂತು. ಬರಿಗಣ್ಣಿಗೆ ಇವು ಧೂಳು. ಹಾಗಾಗಿ ಗಿಡ ಗುರುತಿಸಲು ಹೊರಟವರು ಪುಸ್ತಕಕ್ಕಿಂತ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಭೂತಗನ್ನಡಿ. ಇಲ್ಲಿ ಪರಿಶೀಲಿಸುತ್ತಿರುವುದು ಉಕ್ಕಿನ ಕವಚದೊಳಗೆ ಮಡಚಿಕೊಳ್ಳುವ, 21 ಮಿ.ಮೀ. ಅಗಲದ, 10ಎಕ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಟ್ರಿಪ್ಲೆಟ್ (ಮೂರು ಗಾಜು ಅಂಟಿಸಿದ) ಲೆನ್ಸನ್ನು. ಚಿನ್ನದ ಕೆಲಸದವರು, ಕಲ್ಲು ನೋಡುವವರು ಬಳಸುವುದೂ ಇದನ್ನೇ. ಹಲವು ಕಂಪೆನಿಗಳು ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ಮಾಡುತ್ತವೆ, ಆದ್ದರಿಂದ ಹೆಸರಿಗಿಂತ ಪರೀಕ್ಷೆ ಮುಖ್ಯ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಸಲಿ 10ಎಕ್ಸ್ ಟ್ರಿಪ್ಲೆಟ್ ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದೇ ಆಕಾರದಲ್ಲಿ, 30ಎಕ್ಸ್ ಎಂದು ಕೆತ್ತಿಕೊಂಡು, ನಾಲ್ಕನೇ ಒಂದು ಬೆಲೆಗೆ ಸಿಗುವುದನ್ನು ಕೊಳ್ಳಬೇಡಿ.

ಸಂಖ್ಯೆಯ ಮೋಸ

ಲೆನ್ಸಿನ ಶಕ್ತಿಗೆ ಸರಳ ಲೆಕ್ಕವಿದೆ. 250ನ್ನು ಲೆನ್ಸಿನ ನಾಭಿದೂರದಿಂದ (ದೂರದ ವಸ್ತುವಿನ ಚಿತ್ರ ಲೆನ್ಸಿನಿಂದ ಎಷ್ಟು ದೂರದಲ್ಲಿ ಮೂಡುತ್ತದೋ ಅದು), ಮಿಲಿಮೀಟರಿನಲ್ಲಿ, ಭಾಗಿಸಬೇಕು. ನಾಭಿದೂರ 25 ಮಿ.ಮೀ. ಇದ್ದರೆ 10ಎಕ್ಸ್, 12.5 ಇದ್ದರೆ 20ಎಕ್ಸ್. 30ಎಕ್ಸ್ ಆಗಬೇಕಾದರೆ ಅದು 8.3 ಮಿ.ಮೀ. ಇರಬೇಕು. 21 ಮಿ.ಮೀ. ಅಗಲದ ಒಂದೇ ಗಾಜಿನಲ್ಲಿ ಇದು ಆಗುವ ಮಾತಲ್ಲ. ಅಷ್ಟೇ ಅಗಲದ ಮಾಮೂಲಿ ಗಾಜಿನ ಪೂರ್ತಿ ಗುಂಡು ಗೋಲಿಯನ್ನೇ ಕಣ್ಣಿಗೆ ಹಿಡಿದರೂ 16ರ ಆಸುಪಾಸಿಗೆ ನಿಲ್ಲುತ್ತದೆ. ಅಂದಮೇಲೆ ‘30ಎಕ್ಸ್ 21 ಮಿ.ಮೀ.’ ಎಂದು ಕವಚದ ಮೇಲೆ ಕೊರೆದಿದ್ದರೆ ಆ ಕೆತ್ತನೆಯೇ ಸುಳ್ಳು.

ಮನೆಯಲ್ಲೇ ಅಳೆಯಬಹುದು. ಹಗಲಲ್ಲಿ ಕಿಟಕಿಯಿಂದ ಆದಷ್ಟು ದೂರ, ಒಳಗೋಡೆಯ ಹತ್ತಿರ ನಿಂತು ಬಿಳಿ ಕಾಗದದ ಮುಂದೆ ಲೆನ್ಸ್ ಹಿಡಿಯಿರಿ. ಹಿಂದೆ ಮುಂದೆ ಸರಿಸುತ್ತ ಹೋದಂತೆ ಹೊರಗಿನ ತೆಂಗಿನ ಮರ ತಲೆಕೆಳಗಾಗಿ, ಬೆರಳುಗುರಿನಷ್ಟು ಚಿಕ್ಕದಾಗಿ, ಕಾಗದದ ಮೇಲೆ ಮೂಡುತ್ತದೆ. ಚಿತ್ರ ಅತಿ ಸ್ಪಷ್ಟವಾದಾಗ ಕಾಗದದಿಂದ ಲೆನ್ಸಿನ ನಡುಭಾಗಕ್ಕೆ ಸ್ಕೇಲ್ ಇಟ್ಟು ನೋಡಿ. 25 ಮಿ.ಮೀ. ಬಂದರೆ 10ಎಕ್ಸ್ ನಿಜ. 50 ಬಂದರೆ ನೀವು ಕೊಂಡದ್ದು 5ಎಕ್ಸ್. ಬಿಸಿಲಿಗೆ ಹಿಡಿದು ಈ ಪರೀಕ್ಷೆ ಮಾಡಬೇಡಿ, ಕಾಗದ ಹೊತ್ತಿಕೊಳ್ಳುತ್ತದೆ.

ಎರಡನೆಯ ಪರೀಕ್ಷೆಗೆ ಗ್ರಾಫ್ ಕಾಗದ ಸಾಕು. ಟ್ರಿಪ್ಲೆಟ್ ಎಂದರೆ ಮೂರು ಗಾಜಿನ ತುಂಡುಗಳನ್ನು ಅಂಟಿಸಿ ಮಾಡಿದ ದಿಂಡು. ನಡುವಿನ ಗಾಜು ಒಂದು ಬಗೆಯದು, ಹೊರಗಿನೆರಡು ಇನ್ನೊಂದು ಬಗೆಯವು. ಒಂಟಿ ಗಾಜಿನಲ್ಲಿ ಬೆಳಕಿನ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸೇರುವುದರಿಂದ ಗೆರೆಗಳ ಅಂಚಿಗೆ ನೇರಳೆ, ಹಳದಿ ಹೊಳಪು ಅಂಟಿಕೊಳ್ಳುತ್ತದೆ, ಚೌಕಗಳು ಅಂಚಿನಲ್ಲಿ ಬಾಗುತ್ತವೆ. ಟ್ರಿಪ್ಲೆಟ್ ಅದನ್ನು ಸರಿಪಡಿಸುತ್ತದೆ. ಒಳ್ಳೆಯ ತುಂಡಾದರೆ ನಡುವಿನಿಂದ ಹೆಚ್ಚುಕಡಿಮೆ ಅಂಚಿನವರೆಗೂ ಗೆರೆ ನೆಟ್ಟಗಿರುತ್ತದೆ. ಗಿಡ ನೋಡುವವರಿಗೆ ಈ ಬಣ್ಣದ ಹೊಳಪು ಸಣ್ಣ ತೊಡಕಲ್ಲ. ರೋಮದ ತುದಿಯಲ್ಲಿ ಹೊಳೆಯುವ ಗ್ರಂಥಿಯ ಗುಂಡು ಇದೆಯೋ ಇಲ್ಲವೋ ಎಂಬುದು ಗುರುತಿಗೆ ಬೇಕಾದ ಮಾತು, ಕಳಪೆ ಗಾಜಿನಲ್ಲಿ ಎಲ್ಲ ರೋಮದ ತುದಿಯೂ ಹೊಳೆಯುತ್ತದೆ.

ಅಂಗಡಿಗೆ ಹೋಗುವಾಗ ಒಂದು ಬದನೆ ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಪಟ್ಟಿ ಇಲ್ಲ. ಎಲೆಯ ತಳಭಾಗದ ಬೂದು ಮಾಸಲು ಅಸಲಿ 10ಎಕ್ಸ್‌ನಲ್ಲಿ ಒಡೆದು ಪುಟ್ಟ ನಕ್ಷತ್ರಗಳಾಗುತ್ತದೆ: ನಡುವೊಂದು ಬಿಂದು, ಅದರ ಸುತ್ತ ಕಿರಣಗಳಂತೆ ಹರಡಿದ ಕೈಗಳು. ಕೆಲವು ನಕ್ಷತ್ರಗಳು ಚಿಕ್ಕ ಕಾಲಿನ ಮೇಲೆ ನಿಂತಿರುತ್ತವೆ. ಕೈಗಳನ್ನು ಎಣಿಸಲು ಆದರೆ ದುಡ್ಡು ಕೊಡಿ. ಬರಿ ಹತ್ತಿಯ ನೂಲಿನ ಗಂಟಿನಂತೆ ಕಂಡರೆ ಲೆನ್ಸನ್ನು ಅಲ್ಲೇ ಬಿಟ್ಟು ಬನ್ನಿ.

ಹಿಡಿಯುವ ಕ್ರಮ

ಹೆಚ್ಚಿನವರು ಲೆನ್ಸನ್ನು ಗಿಡದ ಹತ್ತಿರ ಹಿಡಿದು, ತಾವು ಒಂದಡಿ ದೂರದಿಂದ ಇಣುಕುತ್ತಾರೆ. ಹಾಗೆ ಮಾಡಿದರೆ ಕಾಣುವ ಜಾಗ ಕಡಲೆಕಾಳಿನಷ್ಟಕ್ಕೆ ಇಳಿಯುತ್ತದೆ, ಆಮೇಲೆ ಲೆನ್ಸಿಗೆ ಬೈಗುಳ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಕನ್ನಡಕ ಇದ್ದರೆ ಕನ್ನಡಕದ ಗಾಜಿಗೆ ಹತ್ತಿರ. ಲೆನ್ಸ್ ಹಿಡಿದ ಕೈಯನ್ನು ಕೆನ್ನೆಗೆ ಒರಗಿಸಿ, ಇನ್ನೊಂದು ಕೈಯಲ್ಲಿ ಹೂವನ್ನು ಮೇಲೆತ್ತಿ ತನ್ನಿ. ಎರಡೂ ಕೈಗಳ ಬೆರಳು ಒಂದಕ್ಕೊಂದು ತಾಗಿಕೊಂಡಿರಲಿ, ಆಗ ಒಂದು ನಡುಗಿದರೂ ಎರಡೂ ಕೂಡಿಯೇ ನಡುಗುತ್ತವೆ, ನೋಟ ಕದಲುವುದಿಲ್ಲ. ಲೆನ್ಸಿಗೂ ಹೂವಿಗೂ ಒಂದಿಂಚು ಅಂತರದಲ್ಲಿ ಚಿತ್ರ ನಿಲ್ಲುತ್ತದೆ. ಎರಡೂ ಕಣ್ಣು ತೆರೆದೇ ಇರಲಿ, ಒಂದು ಮುಚ್ಚಿದರೆ ಹತ್ತು ನಿಮಿಷಕ್ಕೆ ಆಯಾಸ ಶುರು.

ಬೆಳಕು ಬದಿಯಿಂದ ಬೀಳಬೇಕು. ರೋಮಗಳ ನೆರಳು ಎಲೆಯ ಮೇಲೆ ಬಿದ್ದರೆ ಮಾತ್ರ ಅವುಗಳ ಆಕಾರ ಎದ್ದು ಕಾಣುತ್ತದೆ. ಅಡಕೆ ತೋಟದೊಳಗಿನ ಮಬ್ಬಿನಲ್ಲಿ ನೋಡುವುದಕ್ಕಿಂತ ಗಿಡದ ತುಂಡನ್ನು ಅಂಗಳಕ್ಕೆ ತಂದು ನೋಡುವುದು ವಾಸಿ. ಎಲೆಯ ಚೂರನ್ನು ಬೆರಳಿಗೆ ಸುತ್ತಿ, ಮಡಿಕೆಯ ಏಣನ್ನು ಆಕಾಶಕ್ಕೆದುರಾಗಿ ಹಿಡಿದರೆ ರೋಮಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಲ್ಲುತ್ತವೆ. ಒಂಟಿಯೋ, ಕವಲೊಡೆದದ್ದೋ, ನಕ್ಷತ್ರವೋ, ತುದಿಯಲ್ಲಿ ಗುಂಡಿದೆಯೋ ಎಂಬ ನಾಲ್ಕು ಪ್ರಶ್ನೆಗೆ ಅಲ್ಲೇ ಉತ್ತರ.

ಮುಳ್ಳನ್ನು ನಂಬಬೇಡಿ

ಬದನೆ ಕುಟುಂಬಕ್ಕೆ ಸೊಲನೇಸಿ ಎಂಬ ಸ್ಥಾನ ಕೊಟ್ಟವರು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜುಸ್ಯೂ, 1789ರಲ್ಲಿ. ಇದರಲ್ಲಿ ಸುಮಾರು 100 ಕುಲ, 2,700ರಷ್ಟು ಪ್ರಭೇದ. ಅದರಲ್ಲಿ ಸೊಲಾನಮ್ ಒಂದೇ ಕುಲದ ಪಾಲು 1,200ಕ್ಕೂ ಮೇಲೆ. ಈ ದೊಡ್ಡ ರಾಶಿಯನ್ನು ಹೇಗೆ ಒಡೆಯುವುದು ಎಂದು ತಲೆ ಕೆಡಿಸಿಕೊಂಡವರಲ್ಲಿ ಮೊದಲಿಗರು ಅದೇ ಫ್ರಾನ್ಸಿನ ದುನಾಲ್. ಅವರು 1813ರಲ್ಲಿ ಮುಳ್ಳಿರುವವು, ಮುಳ್ಳಿಲ್ಲದವು ಎಂದು ಎರಡು ಪಾಲು ಮಾಡಿದರು, ನಾವು ಈಗಲೂ ಬೇಲಿ ಬದಿಯಲ್ಲಿ ನಿಂತು ಮಾಡುವ ಹಾಗೆಯೇ. 1852ರ ಹೊತ್ತಿಗೆ ಅದನ್ನು ಬಿಟ್ಟು ಪರಾಗಕೋಶದ ಆಕಾರವನ್ನು ಹಿಡಿದರು: ಮೊಟಕಾಗಿ ದಪ್ಪಗಿರುವವು ಒಂದು, ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವವು ಇನ್ನೊಂದು. ಈ ಎರಡನೆಯದರ ಹೆಸರು ಲೆಪ್ಟೊಸ್ಟೆಮೋನಮ್, ಅಂದರೆ ಸಪೂರ ಕೇಸರದ್ದು. ಡಿಎನ್‌ಎ ಓದಿ ವಂಶವೃಕ್ಷ ಬರೆಯುವ ಇಂದಿನ ದಿನಕ್ಕೂ ಆ ಗುಂಪಿನ ಹೆಸರು ಉಳಿದುಕೊಂಡಿದೆ. ಬದನೆ, ಕುದನೆ, ಹೆಗ್ಗುಳ್ಳ, ನೆಲಗುಳ್ಳ ಎಲ್ಲವೂ ಅದರೊಳಗೆ. ಆಲೂಗಡ್ಡೆ, ಟೊಮೆಟೊ, ಗಣಿಕೆ ಹೊರಗೆ.

ಈ ಕ್ರಮವನ್ನೇ ಲೆನ್ಸಿನೊಂದಿಗೆ ಹಿಡಿದರೆ ಕೆಲಸ ಸುಲಭ. ಮೊದಲು ಪರಾಗಕೋಶ, ಆಮೇಲೆ ರೋಮ, ಕೊನೆಗೆ ಮುಳ್ಳು.

ಕುದನೆ ಎಂದು ನಮ್ಮಲ್ಲಿ ಹೆಚ್ಚಾಗಿ ಕರೆಯುವುದು ಸೊಲಾನಮ್ ಟೋರ್ವಮ್. ಮೂಲ ಅಮೆರಿಕ ಖಂಡ, ಈಗ ನಮ್ಮ ಗುಡ್ಡೆಗಳಲ್ಲಿ ಹುಟ್ಟಿದೂರಿನಂತೆ ನೆಲೆಸಿದೆ. ಆಳೆತ್ತರ ಮೀರಿ ಬೆಳೆಯುವ ಪೊದೆ, ಬಿಳಿ ಹೂ, ಕವಲೊಡೆದ ಗೊಂಚಲಿನ ತುಂಬ ಬಟಾಣಿಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ. ಹಣ್ಣಾದರೆ ಮಾಸಲು ಹಳದಿಯೇ ಹೊರತು ಕೆಂಪಾಗುವುದಿಲ್ಲ. ಮುಳ್ಳು ವಿರಳ. ಲೆನ್ಸಿನಡಿ ನೋಡಬೇಕಾದ ಜಾಗ ಹೂವಿನ ತೊಟ್ಟು. ಅಲ್ಲಿ ನಕ್ಷತ್ರ ರೋಮಗಳ ನಡುವೆ ಒಂಟಿ ರೋಮಗಳೂ ಇರುತ್ತವೆ, ಅವುಗಳ ತುದಿಯಲ್ಲಿ ಮುಂಜಾವಿನ ಇಬ್ಬನಿಯಂತೆ ಪುಟ್ಟ ಗ್ರಂಥಿಯ ಗುಂಡು. ಇದು ಕಂಡರೆ ಕುದನೆ ಎಂದು ಧೈರ್ಯವಾಗಿ ಹೇಳಬಹುದು.

ಹೆಗ್ಗುಳ್ಳ, ಅಂದರೆ ಸೊಲಾನಮ್ ವಯೊಲೇಸಿಯಮ್, ಹಳೆಯ ಪುಸ್ತಕಗಳ ಇಂಡಿಕಮ್. ಹೂ ನೇರಳೆ, ಹಣ್ಣು ಕಿತ್ತಳೆ ಕೆಂಪು, ಗಾತ್ರ ಒಂದು ಸೆಂ.ಮೀ. ಒಳಗೆ. ಮುಳ್ಳು ಕೊಕ್ಕೆಯಂತೆ ಕೆಳಗೆ ಬಾಗಿದೆ, ಬುಡ ಅಗಲವಾಗಿ ಚಪ್ಪಟೆ, ಎಲೆಯ ನರದ ಮೇಲೂ ಮುಳ್ಳು. ಬೃಹತೀ ಎಂದು ಬೇರು ಕೊಳ್ಳುವವರು ಕೇಳಬೇಕಾದದ್ದು ಇದನ್ನು. ಬೇರು ಒಣಗಿ ತುಂಡಾಗಿ ಬಂದಮೇಲೆ ಯಾವ ಲೆನ್ಸೂ ಸಹಾಯಕ್ಕೆ ಬಾರದು, ಗಿಡ ನಿಂತಿರುವಾಗಲೇ ಹೂ ಕಾಯಿ ನೋಡಿ ಗುರುತು ಹಾಕಿ ಕೀಳಿಸಬೇಕು.

ಮೂರನೆಯದು ಕಾಡುಬದನೆ, ಸೊಲಾನಮ್ ಇನ್ಸಾನಮ್, ನಾವು ತಿನ್ನುವ ಬದನೆಯ ಕಾಡು ಮೂಲ. ಇದರಲ್ಲಿ ಲೆನ್ಸಿಗೆ ಒಂದು ಸೊಗಸಾದ ಕೆಲಸವಿದೆ. ಗೊಂಚಲಿನ ಬುಡದ ಹೂವಿನಲ್ಲಿ ಶಲಾಕೆ (ಹೂವಿನ ನಡುವಿನ ಹೆಣ್ಣು ಕಡ್ಡಿ) ಉದ್ದವಾಗಿ ಪರಾಗಕೋಶಗಳ ನಡುವಿನಿಂದ ಹೊರಗೆ ಇಣುಕುತ್ತದೆ, ಕಾಯಿ ಕಟ್ಟುವುದು ಅದು. ತುದಿಯ ಹೂಗಳಲ್ಲಿ ಶಲಾಕೆ ಮೊಟಕು, ಒಳಗೇ ಅಡಗಿದೆ. ಅವು ಪರಾಗ ಕೊಡಲು ಮಾತ್ರ ಇರುವ ಗಂಡು ಹೂಗಳು. ತೋಟದ ಬದನೆಯಲ್ಲಿ ‘ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ’ ಎಂದು ಮರುಗುವವರು ಮೊದಲು ಶಲಾಕೆಯ ಉದ್ದ ನೋಡಲಿ. ಉದುರಿದ್ದು ಮೊಟಕು ಶಲಾಕೆಯ ಹೂವಾದರೆ ಅದು ರೋಗವಲ್ಲ.

ಕಸಿಗೆ ಬೇಕಾದದ್ದು ಮೊದಲನೆಯದು, ಟೋರ್ವಮ್. ಮಳೆಗಾಲದ ಬಿಸಿ ತೇವದಲ್ಲಿ ಬದನೆ ಗಿಡ ಹಸಿರಾಗಿರುವಾಗಲೇ ಒಂದೆರಡು ದಿನದಲ್ಲಿ ಜೋತುಬಿದ್ದು ಸಾಯುವುದನ್ನು ನಮ್ಮ ಕೆಂಪುಮಣ್ಣಿನಲ್ಲಿ ಕಾಣದವರಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಬೇರಿನಿಂದ ಏರಿ ನೀರಿನ ನಾಳ ಕಟ್ಟುವುದರಿಂದ ಬರುವ ಸೊರಗು ರೋಗ ಅದು. ಟೋರ್ವಮ್ ಬೇರು ಅದನ್ನು ತಡೆದುಕೊಳ್ಳುತ್ತದೆ, ಬದನೆಯೊಂದಿಗೆ ಕಸಿಯೂ ಕೂಡುತ್ತದೆ. ಕುದನೆ ಎಂಬ ಹೆಸರು ನಂಬಿ ಕಂಡ ಮುಳ್ಳುಗಿಡದ ಬೀಜ ತಂದು ಸಸಿ ಮಾಡಿದರೆ ಒಂದು ಹಂಗಾಮಿನ ಶ್ರಮ ಹೋಗಬಹುದು.

ಈಗ ಎಡವುವ ಜಾಗ. ನಕ್ಷತ್ರ ರೋಮ ಕಂಡೊಡನೆ ಬದನೆಯ ಹತ್ತಿರದ ನೆಂಟ ಎಂದು ತೀರ್ಮಾನಿಸಬೇಡಿ. ಸೊಲಾನಮ್ ಎರಿಯಾಂಥಮ್ ಎಂಬ ಪುಟ್ಟ ಮರದ ಮೈಯೆಲ್ಲ ನಕ್ಷತ್ರ ರೋಮದ ಹಿಟ್ಟು, ಮುಳ್ಳು ಮಾತ್ರ ಒಂದೂ ಇಲ್ಲ. ನೀಲಗಿರಿ ಕಡೆ ಕಳೆಯಾಗಿ ಹಬ್ಬಿರುವ ಸೊಲಾನಮ್ ಮಾರಿಷಿಯಾನಮ್ ಕೂಡ ಹಾಗೆಯೇ. ಹೂ ಬಿಡಿಸಿ ಪರಾಗಕೋಶ ನೋಡಿದರೆ ಗುಟ್ಟು ಹೊರಬರುತ್ತದೆ: ಸಪೂರವಲ್ಲ, ಮೊಟಕು, ಉದ್ದಕ್ಕೂ ಒಂದೇ ದಪ್ಪ. ಇವುಗಳ ಗುಂಪಿನ ಹೆಸರೇ ಬ್ರೆವ್ಯಾಂಥೆರಮ್, ಕಿರು ಪರಾಗಕೋಶದ್ದು. ಇದಕ್ಕೆ ತಿರುಗುಮುರುಗಾದದ್ದು ಸೊಲಾನಮ್ ಕ್ಯಾಪ್ಸಿಕಾಯ್ಡಿಸ್. ಮೈತುಂಬ ನೆಟ್ಟನೆಯ ಸೂಜಿಮುಳ್ಳು, ಪರಾಗಕೋಶ ಸಪೂರ, ವಂಶವೂ ಲೆಪ್ಟೊಸ್ಟೆಮೋನಮ್, ಆದರೆ ಎಲೆಯ ಮೇಲ್ಮೈಯಲ್ಲಿ ಇರುವುದು ಒಂಟಿ ರೋಮ. ಅದರ ಕೆಂಗಿತ್ತಳೆ ಹಣ್ಣು ಒಡೆದು ಬೀಜ ನೋಡಿ: ಕಾಗದದಂತೆ ಚಪ್ಪಟೆ, ಸುತ್ತ ತೆಳು ರೆಕ್ಕೆ. ಮುಳ್ಳು, ರೋಮ, ಪರಾಗಕೋಶ ಈ ಮೂರರಲ್ಲಿ ಯಾವುದೊಂದನ್ನೇ ಹಿಡಿದು ಕುಳಿತರೂ ಈ ಗಿಡಗಳು ಮೋಸ ಮಾಡುತ್ತವೆ.

ಪರಾಗಕೋಶದ ತುದಿ

ಈ ಲೆನ್ಸಿನ ಬೆಲೆ ಒಂದೇ ನೋಟದಲ್ಲಿ ತೀರಬೇಕೆಂದರೆ ಕುದನೆ ಹೂವಿನ ಐದು ಹಳದಿ ಪರಾಗಕೋಶಗಳ ತುದಿ ನೋಡಿ. ದಾಸವಾಳದ ಹಾಗೆ ಪರಾಗ ಹೊರಗೆ ಚೆಲ್ಲಿರುವುದಿಲ್ಲ. ಪ್ರತಿಯೊಂದರ ತುದಿಯಲ್ಲೂ ಎರಡು ತೂತು, ಒಳಗೆ ಒಣಹಿಟ್ಟಿನಂಥ ಪರಾಗ. ಜೇನ್ನೊಣ ಬಂದು ಕೂತರೂ ಇದನ್ನು ಅಲುಗಾಡಿಸಲಾರದು. ಮರಕೊರಕ ದುಂಬಿ, ನೀಲಿ ಪಟ್ಟೆಯ ಜೇನುಗಳು ಹೂವನ್ನು ಅಪ್ಪಿಕೊಂಡು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಮಾತ್ರ ಅದುರಿಸಿ ‘ಝೊಂಯ್’ ಎನ್ನಿಸಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಉದುರುತ್ತದೆ. ಶಾಲೆಯ ಟ್ಯೂನಿಂಗ್ ಫೋರ್ಕನ್ನು ಬಡಿದು ಪರಾಗಕೋಶಕ್ಕೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿದರೆ ಅದೇ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ.

ಮುಳ್ಳಿನ ಗುಂಪಿನಲ್ಲಿ ಆ ತೂತು ಕೊನೆಯವರೆಗೂ ತೂತಾಗಿಯೇ ಇರುತ್ತದೆ. ಗಣಿಕೆಯಲ್ಲಿ ಹೂ ಹಳತಾದಂತೆ ಸೀಳಾಗಿ ಕೆಳಕ್ಕೆ ಇಳಿಯುತ್ತದೆ. ಮೆಣಸಿನ ಗಿಡದಲ್ಲಿ, ಗುಪ್ಪಟೆ ಹಣ್ಣಿನಲ್ಲಿ, ಉಮ್ಮತ್ತಿಯಲ್ಲಿ ತೂತೇ ಇಲ್ಲ, ಪರಾಗಕೋಶ ಉದ್ದುದ್ದ ಸೀಳುತ್ತದೆ. ಬೇಲಿಯ ಗಾಂಧಾರಿ ಮೆಣಸನ್ನೂ ಅದರ ಪಕ್ಕದ ಗಣಿಕೆಯನ್ನೂ ಒಟ್ಟಿಗೆ ಕಿತ್ತು ನೋಡಿದರೆ ಸೊಲಾನಮ್ ಕುಲಕ್ಕೂ ಉಳಿದವಕ್ಕೂ ಇರುವ ಗೆರೆ ಅಂಗೈಯಲ್ಲೇ ಸಿಕ್ಕಿತು.

ಗಣಿಕೆ: ಲೆನ್ಸ್ ಬೆವರುವ ಜಾಗ

ಗಣಿಕೆ ಸೊಪ್ಪು, ಕಾಕಿ ಹಣ್ಣು ಎಂದು ಕರೆಯುವ ಮುಳ್ಳಿಲ್ಲದ ಮೆದುಗಿಡವನ್ನು ಕಣ್ಣುಮುಚ್ಚಿ ಸೊಲಾನಮ್ ನೈಗ್ರಮ್ ಎಂದು ಬರೆದುಬಿಡುವುದು ವಾಡಿಕೆ. ಆ ಹೆಸರಿನಡಿ ಸೊಲಾನಮ್ ಅಮೆರಿಕಾನಮ್, ವಿಲ್ಲೋಸಮ್ ಎಂಬ ಇನ್ನೆರಡೂ ಅಡಗಿವೆ. ವರ್ಣತಂತುಗಳ ಲೆಕ್ಕದಲ್ಲಿ ಅಮೆರಿಕಾನಮ್‌ಗೆ 24, ವಿಲ್ಲೋಸಮ್‌ಗೆ 48, ನೈಗ್ರಮ್‌ಗೆ 72. ಒಂದರ ದುಪ್ಪಟ್ಟು, ಮುಪ್ಪಟ್ಟು. ಲೆನ್ಸಿನಲ್ಲಿ ವರ್ಣತಂತು ಕಾಣದು, ಆದರೆ ಜೊತೆಗಿರುವ ಲಕ್ಷಣಗಳು ಕಾಣುತ್ತವೆ.

ಹಣ್ಣಾದ ಗೊಂಚಲನ್ನು ಹಿಡಿಯಿರಿ. ತೊಟ್ಟುಗಳೆಲ್ಲ ಕೊಡೆಯ ಕಡ್ಡಿಗಳಂತೆ ಹೆಚ್ಚುಕಡಿಮೆ ಒಂದೇ ಬಿಂದುವಿನಿಂದ ಹೊರಟಿವೆ, ಹಣ್ಣು ಕನ್ನಡಿಯಂತೆ ಹೊಳೆಯುವ ಕಪ್ಪು, ಹಣ್ಣಿನ ಬುಡದ ಟೋಪಿಯ ಎಸಳುಗಳು ಹಿಂದಕ್ಕೆ ಮಡಚಿ ತೊಟ್ಟಿನ ಕಡೆಗೆ ತಿರುಗಿವೆ ಎಂದಾದರೆ ಅಮೆರಿಕಾನಮ್. ತೊಟ್ಟುಗಳು ಕಾಂಡದ ಮೇಲೆ ಒಂದರ ಕೆಳಗೊಂದು ಬಿಡಿಬಿಡಿಯಾಗಿ, ಹಣ್ಣು ಹೆಚ್ಚಾಗಿ ಮಂಕು ಕಪ್ಪು, ಟೋಪಿಯ ಎಸಳು ಹಣ್ಣಿಗೆ ಅಂಟಿಕೊಂಡೋ ಸ್ವಲ್ಪವೇ ಬಾಗಿಯೋ ಇದ್ದರೆ ನೈಗ್ರಮ್. ಹಣ್ಣು ಕಿತ್ತಳೆ, ಹಳದಿ ಬಣ್ಣಕ್ಕೆ ತಿರುಗಿದರೆ ವಿಲ್ಲೋಸಮ್. ಖಚಿತವಾಗಬೇಕಾದರೆ ಅರ್ಧ ಮಿಲಿಮೀಟರ್ ಗುರುತಿರುವ ಉಕ್ಕಿನ ಸ್ಕೇಲಿನ ಮೇಲೆ ಪರಾಗಕೋಶ ಇಟ್ಟು ಲೆನ್ಸಿನಲ್ಲಿ ಓದಿ: ಅಮೆರಿಕಾನಮ್‌ನದು ಒಂದೂವರೆ ಮಿ.ಮೀ. ದಾಟುವುದು ಅಪರೂಪ, ನೈಗ್ರಮ್‌ನದು ಎರಡರ ಆಸುಪಾಸು. ಒಂದೇ ಹೂ ಅಳೆದು ತೀರ್ಪು ಕೊಡಬೇಡಿ, ಒಂದೇ ಗಿಡದ ಐದಾರು ಹೂ ಅಳೆಯಿರಿ. ನೆರಳಲ್ಲಿ ಬೆಳೆದ ಗಿಡದ ಹೂ ಸಣ್ಣದಾಗಿ ಲೆಕ್ಕ ತಪ್ಪಿಸಬಹುದು. ಯಾವ ಗಣಿಕೆಯೇ ಆಗಲಿ, ಹಸಿರು ಕಾಯಿ ಬಾಯಿಗೆ ಹಾಕುವ ವಸ್ತುವಲ್ಲ. ಸೋಲನೀನ್ ಜಾತಿಯ ಕಹಿ ವಿಷ ಹೆಚ್ಚಾಗಿರುವುದು ಬಲಿಯದ ಕಾಯಿಯಲ್ಲೇ.

ಟೋಪಿಯ ಮಾತು ಬಂದಾಗ ಗುಪ್ಪಟೆ ಹಣ್ಣನ್ನು ಬಿಡುವಂತಿಲ್ಲ. ಫೈಸಾಲಿಸ್ ಕುಲದಲ್ಲಿ ಹೂ ಉದುರಿದ ಮೇಲೆ ಆ ಟೋಪಿಯೇ ಊದಿಕೊಂಡು ಹಣ್ಣನ್ನು ಒಳಗಿಟ್ಟುಕೊಳ್ಳುತ್ತದೆ. ಗದ್ದೆಯ ಬದುವಿನ ಫೈಸಾಲಿಸ್ ಅಂಗುಲಾಟ ಹೆಚ್ಚುಕಡಿಮೆ ನುಣುಪು. ಮೈತುಂಬ ರೋಮವಿದ್ದು, ಹಳದಿ ಹೂವಿನ ಗಂಟಲಲ್ಲಿ ಕಡುಕಂದು ಮಚ್ಚೆ ದಟ್ಟವಾಗಿದ್ದರೆ ಅದು ತಂಪು ಬೆಟ್ಟದ ಪೆರುವಿಯಾನ. ಎರಡರಲ್ಲೂ ರೋಮ ಒಂಟಿ. ಕವಲು ರೋಮ ಕಂಡು, ಗಾಳಿಬುಡ್ಡೆಯೊಳಗೆ ಕೆಂಪು ಹಣ್ಣೂ ಇದ್ದರೆ ಅದು ಅಶ್ವಗಂಧ, ನಮ್ಮ ಕರಾವಳಿಯದಲ್ಲ. ಅಕ್ಕಲಕೋಟೆ, ಸೊಲ್ಲಾಪುರ, ರಾಯದುರ್ಗ, ಮಡಕಶಿರಾ ಕಡೆಯ ಒಣನೆಲದ ಕನ್ನಡಿಗರಿಗೆ ಇದೂ, ನೆಲಕ್ಕೆ ಅಂಟಿ ಹರಡುವ ನೆಲಗುಳ್ಳವೂ ದಿನನಿತ್ಯದ ಗಿಡ. ನೆಲಗುಳ್ಳಕ್ಕೆ ಲೆನ್ಸ್ ಬೇಕಾಗಿಲ್ಲ, ಬೆರಳಿನ ಗೆಣ್ಣಿಗೆ ಹೊಂದುವ ನೆಟ್ಟನೆಯ ಹಳದಿ ಮುಳ್ಳು ದೂರದಿಂದಲೇ ಹೇಳುತ್ತದೆ.

ಮಳೆ ಬಿದ್ದು ಗಿಡಗಳೆಲ್ಲ ಹೂವಿಲ್ಲದೆ ಕೊಳೆಯುವ ದಿನಗಳಲ್ಲಿ ಲೆನ್ಸಿಗೆ ಅಡುಗೆಮನೆಯಲ್ಲೂ ಕೆಲಸವಿದೆ. ಒಣಮೆಣಸಿನ ನಾಲ್ಕು ಬೀಜ ರಾತ್ರಿ ನೆನೆಹಾಕಿ. ಬೆಳಗ್ಗೆ ಒಂದನ್ನು ಚಪ್ಪಟೆಗೆ ಮಲಗಿಸಿ, ಹೊಸ ಬ್ಲೇಡಿನಿಂದ ದೋಸೆಯ ಪದರ ಬಿಡಿಸಿದಂತೆ ಅಡ್ಡಲಾಗಿ ಎರಡು ಪದರ ಮಾಡಿ. ಒಳಗೆ ಬಿಳಿ ಭ್ರೂಣ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಚಪ್ಪಟೆ ಬೀಜ, ಸುತ್ತಿಕೊಂಡ ಭ್ರೂಣ ಇರುವವು ಒಂದು ಕಡೆ, ಭ್ರೂಣ ನೆಟ್ಟಗಿರುವ ರಾತ್ರಿರಾಣಿಯಂಥವು ಇನ್ನೊಂದು ಕಡೆ ಎಂದು ಹಿಂದಿನವರು ಕುಟುಂಬವನ್ನೇ ಎರಡು ಉಪಕುಟುಂಬ ಮಾಡಿದ್ದು ಇದರ ಮೇಲೆ. ಟೊಮೆಟೊವನ್ನು 1753ರಲ್ಲಿ ಲಿನೇಯಸ್ ಸೊಲಾನಮ್ ಕುಲದಲ್ಲೇ ಇಟ್ಟಿದ್ದರು, ಮರುವರ್ಷವೇ ಮಿಲ್ಲರ್ ಅದನ್ನು ಹೊರಗೆ ತೆಗೆದು ಬೇರೆ ಕುಲ ಮಾಡಿದರು, 1990ರ ದಶಕದಲ್ಲಿ ಡಿಎನ್‌ಎ ಆಧಾರ ಸಿಕ್ಕಿ ಮತ್ತೆ ಹಳೆಯ ಮನೆ ಸೇರಿತು. ಹಳೆಯ ಪುಸ್ತಕದಲ್ಲಿ ಲೈಕೊಪರ್ಸಿಕಾನ್ ಎಂದು ಕಂಡರೆ ತಪ್ಪು ಎಂದು ಗೀಚಬೇಡಿ, ಆಗಿನ ಹೆಸರು ಅದು.

ಬೇರೆ ಸಾಮಾನುಗಳು

20ಎಕ್ಸ್ ಟ್ರಿಪ್ಲೆಟ್ ಒಳ್ಳೆಯ ವಸ್ತು, ಆದರೆ ಎರಡನೆಯದಾಗಿ ಕೊಳ್ಳತಕ್ಕದ್ದು. ಹೂ ಲೆನ್ಸಿಗೆ ಅರ್ಧ ಇಂಚಿನಷ್ಟು ಹತ್ತಿರ ಬರಬೇಕು, ಸ್ಪಷ್ಟ ಕಾಣುವ ಆಳ ಕೂದಲೆಳೆಯಷ್ಟು. ಪೊಸಡಿಗುಂಪೆ ಗುಡ್ಡದ ನೆತ್ತಿಯ ಗಾಳಿಯಲ್ಲಿ ಅದನ್ನು ಹಿಡಿದು ನಿಲ್ಲುವುದು ಕಷ್ಟ. ದೀಪವಿರುವ 60ಎಕ್ಸ್ ಜೇಬು ಮೈಕ್ರೊಸ್ಕೋಪನ್ನು ಮೇಜಿನ ಮೇಲಿಡಬಹುದು, ಗುಡ್ಡೆಗೆ ಒಯ್ಯುವುದು ವ್ಯರ್ಥ. ಎಲ್‌ಇಡಿ ಜೋಡಿಸಿದ ಮಡಚು ಲೆನ್ಸಿಗೆ ನಮ್ಮ ಮತವಿಲ್ಲ. ದೀಪ ಎದುರಿನಿಂದ ಬೀಳುವುದರಿಂದ ನೆರಳು ಸತ್ತು ರೋಮ ಚಪ್ಪಟೆಯಾಗುತ್ತದೆ, ಜೊತೆಗೆ ನಮ್ಮ ಮಳೆಗಾಲದಲ್ಲಿ ಗುಂಡಿ ಸೆಲ್ಲುಗಳಿಗೆ ಹಸಿರು ತುಕ್ಕು ಹಿಡಿಯುತ್ತದೆ. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಬೇರೆ ಕೊಳ್ಳಬೇಕಾಗಿಲ್ಲ. ಸೈಕಲ್ ಟ್ಯೂಬಿನ ಉಂಗುರ ಕತ್ತರಿಸಿ ಇದೇ ಟ್ರಿಪ್ಲೆಟ್ಟನ್ನು ಕ್ಯಾಮೆರಾದ ಮುಂದೆ ಕೂರಿಸಿದರೆ ನಕ್ಷತ್ರ ರೋಮದ ಚಿತ್ರ ಬರುತ್ತದೆ. ಅಂಚು ಕಪ್ಪಾಗುತ್ತದೆ, ನಡುಭಾಗ ಕತ್ತರಿಸಿಕೊಂಡರಾಯಿತು.

ಕೆಡುವುದು ಹೇಗೆ, ತಡೆಯುವುದು ಹೇಗೆ

ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಹಬ್ಬಿ, ಬಿಟ್ಟರೆ ಗಾಜಿನ ಮೈಯನ್ನೇ ಕೊರೆಯುತ್ತದೆ. ಲೆನ್ಸಿನ ಜೊತೆ ಬರುವ ಚರ್ಮದ ಚೀಲ ನೋಡಲು ಚೆಂದ, ಆದರೆ ಚರ್ಮ ತೇವ ಹಿಡಿದಿಟ್ಟು ಬೂಷ್ಟಿಗೆ ಹಾಸಿಗೆ ಹಾಸುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಬದಿಗಿಟ್ಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚದಷ್ಟು ಸಿಲಿಕಾ ಜೆಲ್ ಹಾಕಿ ಅದರಲ್ಲಿ ಇಡಿ. ಬಣ್ಣ ಬದಲಿಸುವ ಜೆಲ್ ಸಿಕ್ಕರೆ ತೇವ ಹೀರಿ ತುಂಬಿದ್ದು ಗೊತ್ತಾಗುತ್ತದೆ, ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ.

ಒರೆಸುವ ಮೊದಲು ಊದುಗುಂಡಿನಿಂದ ಧೂಳು ಹಾರಿಸಿ. ಕೆಂಪುಕಲ್ಲಿನ ಪುಡಿ ಕೂತಿರುವಾಗ ಲುಂಗಿಯ ಚುಂಗಿನಿಂದ ಉಜ್ಜಿದರೆ ಗಾಜಿಗೆ ಗೀರು ಖಂಡಿತ. ಉಗುರುಬಣ್ಣ ತೆಗೆಯುವ ದ್ರವ ಹತ್ತಿರ ತರಬೇಡಿ, ಗಾಜಿನ ಪದರಗಳ ನಡುವಿನ ಅಂಟು ಅಂಚಿನಿಂದ ಬಿಡಲು ಶುರುವಾಗುತ್ತದೆ. ಹಾಗಾದ ಲೆನ್ಸಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ, ಅದಕ್ಕೆ ಮನೆಮದ್ದಿಲ್ಲ. ಕೊಳ್ಳುವಾಗಲೇ ಅಂಚನ್ನು ಓರೆಯಾಗಿ ಹಿಡಿದು ಈ ಬಣ್ಣವಿದೆಯೇ ನೋಡಿಕೊಳ್ಳಿ. ಕೀಲಿನ ಸ್ಕ್ರೂ ಕೆಲವು ತಿಂಗಳ ಬಳಕೆಗೆ ಸಡಿಲವಾಗುವುದು ಸಾಮಾನ್ಯ ದೋಷ. ಗಡಿಯಾರದವರ ಸಣ್ಣ ಸ್ಕ್ರೂಡ್ರೈವರಿನಿಂದ ಬಿಗಿಮಾಡಿ ಒಂದು ಹನಿ ಉಗುರುಬಣ್ಣ ಹಾಕಿದರೆ ನಿಲ್ಲುತ್ತದೆ. ತಿರುಗಿಸಿ ಬಿಚ್ಚುವ ಸ್ಕ್ರೂ ಬದಲು ರಿವೆಟ್ ಹೊಡೆದಿರುವ ಮಾದರಿಯಲ್ಲಿ ಈ ದುರಸ್ತಿಗೂ ದಾರಿಯಿಲ್ಲ, ಅದನ್ನು ಬಿಡಿ. ದಾರಕ್ಕೆ ಕೆಂಪೋ ಹಳದಿಯೋ ಬಣ್ಣ ಇರಲಿ, ಉಕ್ಕಿನ ಬಣ್ಣದ ಲೆನ್ಸ್ ತರಗೆಲೆಯಲ್ಲಿ ಬಿದ್ದರೆ ಹುಡುಕಿ ಸುಸ್ತಾಗುತ್ತದೆ.

ಉಮ್ಮತ್ತಿ ನೋಡುವ ದಿನ ಮಾತ್ರ ಕ್ರಮ ಬೇರೆ. ಅದರ ರಸದಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್ ಇವೆ. ಬೆರಳಿನ ರಸ ಲೆನ್ಸಿನ ಚೌಕಟ್ಟಿಗೆ, ಅಲ್ಲಿಂದ ಕಣ್ಣಿಗೆ ತಾಗಿದರೆ ಕಣ್ಣಿನ ಪಾಪೆ ಹಿಗ್ಗಿ, ಬೆಳಕು ಚುಚ್ಚಿ, ಹತ್ತಿರದ ಅಕ್ಷರ ಮಸುಕಾಗುತ್ತದೆ, ಒಂದೆರಡು ದಿನ ಹಾಗೇ ಉಳಿಯಬಹುದು. ಲೆನ್ಸ್ ಕಣ್ಣಿಗಂಟಿಸಿ ಬಳಸುವ ಸಾಮಾನಾದ್ದರಿಂದ ಈ ಅಪಾಯ ನಮಗೆ ಇತರರಿಗಿಂತ ಹೆಚ್ಚು. ಉಮ್ಮತ್ತಿಯ (ಡಟೂರ ಕುಲ) ಬಗೆಗಳನ್ನು ಕಾಯಿಯಿಂದ ಗುರುತಿಸಲು ಹೇಗೂ ಬರಿಗಣ್ಣು ಸಾಕು: ನೆಟ್ಟಗೆ ನಿಂತು ನಾಲ್ಕು ಹೋಳಾಗಿ ಸೀಳುವುದು ಸ್ಟ್ರಮೋನಿಯಮ್, ತಲೆ ಬಾಗಿಸಿ ಅಡ್ಡಾದಿಡ್ಡಿ ಒಡೆಯುವುದರಲ್ಲಿ ಮೊಟಕು ಗುಬುಟಿನದು ಮೆಟೆಲ್, ಉದ್ದ ಸಪೂರ ಮುಳ್ಳು ಮತ್ತು ಬೂದು ಮೃದುರೋಮದ್ದು ಇನ್ನೊಕ್ಸಿಯ. ರೋಮ ನೋಡಲೇಬೇಕಾದರೆ ಎಲೆಯ ಚೂರನ್ನು ಚಿಮುಟದಲ್ಲಿ ಹಿಡಿಯಿರಿ, ಮುಗಿದ ಮೇಲೆ ಮೊದಲು ಕೈ, ಆಮೇಲೆ ಲೆನ್ಸಿನ ಕವಚ ಸಾಬೂನು ಹಚ್ಚಿ ಒರೆಸಿ, ಉಮ್ಮತ್ತಿಯನ್ನು ಆ ದಿನದ ಪಟ್ಟಿಯಲ್ಲಿ ಕೊನೆಗೆ ಇಟ್ಟುಕೊಳ್ಳಿ.